ಅರ್ಧ ಲೋಟ ಅರಿಷ್ಟ

ಜೂನ್ 17, ಮಂಗಳವಾರ

ಇವತ್ತು ಫಯಾಝ್ ಆಫೀಸಿಗೆ ಬಂದಿದ್ದ. ನಮ್ಮ ರೋಶನ್ ಒಂದನೇ ಕ್ಲಾಸಿನಿಂದ ಹತ್ತನೆಯವರೆಗೆ ಮಣಿಪಾಲದ ಶಾಲೆಗೆ ಹೋದದ್ದು ಇವನ ವ್ಯಾನಿನಲ್ಲಿ. ನನ್ನ ಟೈಪಿಸ್ಟ್ ಬೇಬಿಯಕ್ಕ ಕುರ್ಚಿ ತೋರಿಸಿದರೂ ಕೂರಲಿಲ್ಲ.

ಕಳೆದ ಶುಕ್ರವಾರ ಬೆಳಿಗ್ಗೆ ಹೈವೇಯಲ್ಲಿ ಶಾಲಾ ವಾಹನಗಳ ತಪಾಸಣೆ ಇತ್ತಂತೆ. ಕಾಪುವಿನಲ್ಲಿ, ಅವನ ಮನೆಯ ಗಲ್ಲಿ ಹೈವೇ ಸೇರುವಲ್ಲೇ, ವ್ಯಾನ್ ನಿಲ್ಲಿಸಿ ಊದಲು ಹೇಳಿದರು. ಊದಿದ. ಮೆಷಿನ್ ಮಿತಿಗಿಂತ ಎಷ್ಟೋ ಹೆಚ್ಚು ತೋರಿಸಿತು. ವ್ಯಾನಿನ ತುಂಬ ಮಕ್ಕಳು. ಇನ್ನೊಂದು ವ್ಯಾನಿನ ರೋಹಿತ್ ಬಂದು ಮಕ್ಕಳನ್ನು ಕರೆದುಕೊಂಡು ಹೋದ. ಇವನನ್ನು ಸ್ಟೇಷನ್ನಿಗೆ ಕರೆದೊಯ್ದು ಜಾಮೀನಿನ ಮೇಲೆ ಬಿಟ್ಟಿದ್ದಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಮಕ್ಕಳ ತಾಯಂದಿರ ವಾಟ್ಸಾಪ್ ಗುಂಪಿಗೆ ಎಲ್ಲವೂ ಗೊತ್ತಾಗಿತ್ತು.

"ಒಪ್ಪಿಕೊಂಡು ದಂಡ ಕಟ್ಟಿ ಬಾ, ಮಸೀದಿಯವರೆಗೆ ಸುದ್ದಿ ಹೋಗುವ ಮೊದಲು ಮುಗಿಸು ಅಂತ ಹಾಜಬ್ಬ ಮಾವ ಹೇಳ್ತಾರೆ ಮೇಡಂ."

"ಅದೇ ಒಳ್ಳೆಯದು" ಎಂದೆ. ಎಲ್ಲರೂ ಮಾಡುವುದು ಅದನ್ನೇ. ಹೆಸರು ಕರೆದಾಗ ಹೌದೆನ್ನುವುದು, ದಂಡ ಕಟ್ಟುವುದು, ಮನೆಗೆ ಹೋಗುವುದು.

"ಒಪ್ಪಿಕೊಂಡರೆ ವ್ಯಾನ್ ಓಡಿಸಬಹುದಾ?"

ಲೈಸೆನ್ಸ್ ಕೆಲವು ತಿಂಗಳು ಅಮಾನತಾಗುತ್ತದೆ, ಆಮೇಲೆ ಶಾಲೆಯವರು ಸೇರಿಸಿಕೊಳ್ಳುವುದು ಕಷ್ಟ ಎಂದೆ. ಅವನು ನೆಲ ನೋಡುತ್ತಾ ತಲೆಯಾಡಿಸಿದ. ಅಣ್ಣ ತಮ್ಮಂದಿರೆಲ್ಲ ದುಬೈಗೆ ಹೋದಾಗ ಇವನೊಬ್ಬ ಆ ವ್ಯಾನನ್ನು ನಂಬಿ ಊರಲ್ಲೇ ಉಳಿದವನು. ಕಳೆದ ತಿಂಗಳಷ್ಟೇ ಮೂರನೆಯ ಮಗು ಹುಟ್ಟಿದೆ.

ನಾನು ಕ್ರಿಮಿನಲ್ ಕೇಸು ಮಾಡುವವಳಲ್ಲ. ಬ್ಯಾಂಕಿನವರಿಗೆ ಜಾಗದ ದಾಖಲೆ ಪರಿಶೀಲಿಸಿ ಕೊಡುತ್ತೇನೆ, ಪಾಲುಪಟ್ಟಿ ಬರೆಯುತ್ತೇನೆ. ಸಾಕ್ಷಿಯನ್ನು ಪ್ರಶ್ನಿಸಿ ಎಷ್ಟು ವರ್ಷವಾಯಿತೋ. ಒಪ್ಪಿಕೊಳ್ಳುವ ಕೇಸಿಗೆ ಅದೆಲ್ಲ ಬೇಡವಲ್ಲ ಎಂದು ವಕಾಲತ್ತು ತೆಗೆದುಕೊಂಡೆ.

ಅವನು ಹೋದಮೇಲೆ ಒಂದೇ ಯೋಚನೆ. ಹತ್ತು ವರ್ಷ ನನ್ನ ಮಗ ಅವನ ಹಿಂದೆ ಕೂತಿದ್ದ. ಆಗಲೂ ಕುಡಿಯುತ್ತಿದ್ದನೇ?

ಜೂನ್ 22, ಭಾನುವಾರ

ಉದ್ಯಾವರದಲ್ಲಿ ನನ್ನ ಗಂಡ ಎಡ್ವಿನ್‌ನ ಅಣ್ಣ ಮ್ಯಾಥ್ಯೂ ಮನೆಯಲ್ಲಿ ಇಪ್ಪತ್ತೈದನೆಯ ಮದುವೆ ವಾರ್ಷಿಕೋತ್ಸವ. ವೈನ್, ಟೋಸ್ಟ್, ಹಂದಿ ಮಾಂಸ, ಬೈಲಾ ಹಾಡು, ಕುಣಿತ. ಎಡ್ವಿನ್ ಮೂರು ಪೆಗ್ಗಿನ ಮೇಲೆ ನಾಲ್ಕನೆಯದನ್ನು ಅರ್ಧಕ್ಕೆ ಬಿಟ್ಟರು, ನನ್ನ ಮುಖ ನೋಡಿ ಎಂದು ಕಾಣುತ್ತದೆ. ಬರುವಾಗ ಅವರೇ ಕಾರು ಓಡಿಸಿದರು. "ನಿಧಾನ ಹೋಗಿ" ಎಂದೆ. "ನಾನು ಯಾವಾಗ ಜೋರು ಹೋಗಿದ್ದೇನೆ?" ಎಂದರು. ಅದೂ ನಿಜ. ಸೀಟ್‌ಬೆಲ್ಟ್ ಹಿಡಿದುಕೊಂಡು ಕೂತಿದ್ದೆ.

ಜುಲೈ 10, ಗುರುವಾರ

ಇವತ್ತು ಕೋರ್ಟಿನಲ್ಲಿ ನಡೆದದ್ದನ್ನು ಕ್ರಮವಾಗಿ ಬರೆಯಬೇಕು.

ಫಯಾಝನಿಗಿಂತ ಮುಂದೆ ಮಣಿಪಾಲದ ಕಾಲೇಜು ಹುಡುಗರ ಒಂದು ಗುಂಪು ಇತ್ತು. ಗಾಂಜಾ ಸೇದಿದ್ದಾರೆಂಬ ಕೇಸು. ಮೂತ್ರ ಪರೀಕ್ಷೆಯ ವರದಿ ಉಂಟು, ಬೇರೇನೂ ಇಲ್ಲ. ಒಬ್ಬೊಬ್ಬನನ್ನೇ ಕರೆದರು. "ತಪ್ಪೊಪ್ಪಿಕೊಳ್ಳುತ್ತೀಯಾ?" "ಹೌದು ಸರ್." ಒಬ್ಬನಂತೂ ಪ್ರಶ್ನೆ ಮುಗಿಯುವ ಮೊದಲೇ ಹೌದೆಂದ. ಹಿಂದೆ ಯಾರೋ ನಕ್ಕರು. ಮೂಲೆಯಲ್ಲಿ ಒಬ್ಬ ತಾಯಿ ಸೆರಗು ಬಾಯಿಗಿಟ್ಟು ನಿಂತಿದ್ದಳು.

ಫಯಾಝನ ಹೆಸರು ಕರೆದರು. ನ್ಯಾಯಾಧೀಶರು ಆರೋಪ ಓದಿ ಕೇಳಿದರು. ಅವನು, "ಇಲ್ಲ ಸ್ವಾಮಿ, ನಾನು ಕುಡಿದಿಲ್ಲ" ಎಂದ.

ನ್ಯಾಯಾಧೀಶರು ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಫೈಲು ಕೂಡ ಇರಲಿಲ್ಲ. "ವಿಚಾರಣೆ ಆಗಲಿ ಸರ್" ಎಂದೆ.

ಹೊರಗೆ ವರಾಂಡದಲ್ಲಿ ಅವನನ್ನು ಬೈದೆ. "ಏನು ಫಯಾಝ್ ಇದು? ಅಂದು ಆಫೀಸಿನಲ್ಲಿ ಹೇಳಬಾರದಿತ್ತಾ?"

"ನೀವು ಕೇಳಲಿಲ್ಲ ಮೇಡಂ."

ಹಾಗಾದರೆ ಮೆಷಿನ್‌ನಲ್ಲಿ ಬಂದದ್ದು ಎಂತ ಎಂದೆ.

"ಉಮ್ಮ ಕೊಟ್ಟ ಅರಿಷ್ಟ ಕುಡಿದಿದ್ದೆ. ಗ್ಯಾಸ್ ಆಗ್ತಿತ್ತು. ಕಾಪುವಿನ ಮಕ್ಕಳನ್ನೆಲ್ಲ ಹತ್ತಿಸಿಕೊಂಡು ಹೈವೇಗೆ ಹೋಗುವಾಗ ನಮ್ಮ ಮನೆ ದಾರಿಯಲ್ಲೇ ಸಿಗುತ್ತದೆ. ಉಮ್ಮ ಗೇಟಿನಲ್ಲಿ ತಿಂಡಿ ಹಿಡಿದು ನಿಂತಿರ್ತಾರೆ. ತಿಂದು, ಅರಿಷ್ಟ ಕುಡಿದು, ಗಲ್ಲಿ ದಾಟಿದ್ದಷ್ಟೇ. ಪೊಲೀಸರು ಕೈ ತೋರಿಸಿದರು."

"ಅದನ್ನು ಪೊಲೀಸರಿಗೆ ಹೇಳಲು ಎಂತ ಕಷ್ಟ?"

ಅವನು ಅತ್ತಿತ್ತ ನೋಡಿದ. ಧ್ವನಿ ಇಳಿಸಿದ. "ಅದು ನನ್ನ ಹೆಂಡತಿ ಜುವೈರಿಯಾಳದ್ದು ಮೇಡಂ."

"ಅಂದರೆ?"

"ಅವಳು ಹೆತ್ತದ್ದಲ್ವಾ. ಬಾಣಂತಿ ಮದ್ದು."

ನನಗೆ ನಗು ಬಂತು. ತಡೆಯಲು ನೋಡಿದೆ, ಆಗಲಿಲ್ಲ. ಕೋರ್ಟಿನ ವರಾಂಡದಲ್ಲಿ ಗೋಡೆಗೆ ತಿರುಗಿ ನಿಂತು ನಕ್ಕೆ.

"ಹಾಂ, ನೀವೇ ನಗ್ತೀರಿ" ಎಂದ ಅವನು. "ಪೊಲೀಸರು ಬಿಡ್ತಾರಾ? ವ್ಯಾನಿನವರು ಬಿಡ್ತಾರಾ? ಸಾಯುವವರೆಗೂ ನನ್ನನ್ನು ಬಾಣಂತಿ ಅಂತಲೇ ಕರೀತಾರೆ. ಅಲ್ಲದೆ ಹಿಂದೆ ಮಕ್ಕಳು ಅಳ್ತಿದ್ದರು. ಮೆಷಿನ್ನಿನ ಚೀಟಿಗೆ ಸಹಿ ಹಾಕು, ಮಕ್ಕಳನ್ನು ಕಳಿಸುವ ಅಂದರು. ಹಾಕಿದೆ."

ಕಡೆಯ ಮಾತಿಗೆ ನಗು ನಿಂತಿತು.

ಜುಲೈ 12, ಶನಿವಾರ

ಎರಡು ದಿನದಿಂದ ಓದುತ್ತಿದ್ದೇನೆ. ಬಾಯಲ್ಲಿ ಆಗಷ್ಟೇ ಮದ್ಯಾಂಶ ಸೋಕಿದ್ದರೆ ಊದುವ ಮೆಷಿನ್ ಬಾಯಲ್ಲಿರುವುದನ್ನು ಅಳೆಯುತ್ತದೆ, ರಕ್ತದಲ್ಲಿರುವುದನ್ನಲ್ಲ. ಅದಕ್ಕೇ ಸ್ವಲ್ಪ ಹೊತ್ತು ಕಾಯಿಸಿ ಎರಡನೇ ಸಲ ಊದಿಸಬೇಕು. ಬಂಧಿಸಿದ ಮೇಲೆ ವೈದ್ಯರಿಂದ ರಕ್ತ ಪರೀಕ್ಷೆ ಮಾಡಿಸಬೇಕೆಂದು ಕಾನೂನಿನಲ್ಲೇ ಉಂಟು. ಫೈಲಿನಲ್ಲಿರುವುದು ಮೆಷಿನ್ನಿನ ಒಂದೇ ಒಂದು ಚೀಟಿ.

ಆದರೆ ನಾನು ಅವನನ್ನು ನಂಬುತ್ತೇನೆಯೇ? ಹುಡುಕಿದರೆ ಎಲ್ಲ ಕುಡುಕರಿಗೂ ಒಂದು ಅರಿಷ್ಟ ಸಿಗುತ್ತದೆ. ನಿಜವಾಗಿ ಕುಡಿದವನು ಬಂದಿದ್ದರೆ ಇದೇ ವಾದ ಬರೆಯುತ್ತಿರಲಿಲ್ಲವೇ?

ಬೇಬಿಯಕ್ಕ ಟೈಪ್ ಮಾಡುತ್ತಲೇ ಹೇಳಿದರು: "ಮೇಡಂ, ಹತ್ತು ಸೆಂಟ್ಸ್ ಜಾಗಕ್ಕೆ ಅಜ್ಜನ ಕಾಲದ ದಾಖಲೆವರೆಗೆ ಕೇಳುವವರು ನೀವು. ಒಬ್ಬ ಮನುಷ್ಯನಿಗೆ ಕುಡಿದಿದ್ದೀಯಾ ಅಂತ ಕೇಳ್ಲಿಲ್ಲವಾ?"

"ಮೆಷಿನ್ ಹೇಳಿತ್ತಲ್ಲ ಬೇಬಿಯಕ್ಕ."

"ನಮ್ಮ ಮನೆಯ ಬಿಪಿ ಮೆಷಿನ್ ಪ್ರಕಾರ ನಾನು ಹೋದ ವರ್ಷವೇ ಸಾಯಬೇಕಿತ್ತು."

ಜುಲೈ 20, ಭಾನುವಾರ

ರೋಶನ್ ಆನ್‌ಲೈನಿನಲ್ಲಿ ಊದುವ ಸಣ್ಣ ಮೆಷಿನ್ ತರಿಸಿಕೊಟ್ಟ. ಕೋರ್ಟಿನಲ್ಲಿ ಇದಕ್ಕೆ ಕವಡೆ ಕಿಮ್ಮತ್ತಿಲ್ಲ. ನನಗೆ ಬೇಕಿತ್ತು, ಅಷ್ಟೇ.

ಜುವೈರಿಯಾ ಕುಡಿಯುವ ಅದೇ ಅರಿಷ್ಟದ ಹೊಸ ಬಾಟಲಿಯನ್ನು ಅಂಗಡಿಯಿಂದ ತಂದು, ಫಯಾಝ್ ಹೇಳಿದ ಹಾಗೆ ಅರ್ಧ ಲೋಟ ಕುಡಿದೆ. ಕಹಿ, ಸಿಹಿ, ಗಂಟಲು ಬೆಚ್ಚಗೆ. ತಕ್ಷಣ ಊದಿದೆ. ಮೆಷಿನ್ ಕೆಂಪು ದೀಪ ಹಾಕಿ ಕಿರುಚಿತು. ರೋಶನ್ ನೆಲದ ಮೇಲೆ ಬಿದ್ದು ನಕ್ಕ. "ಮಮ್ಮಿ, ನೀನು ಅರೆಸ್ಟ್." ಒಂದು ಪಾತ್ರೆ ಅಕ್ಕಿ ತೊಳೆದು ಒಲೆಗಿಟ್ಟು, ಮೀನು ಮಸಾಲೆಗೆ ಹಾಕಿ ಬಂದು ಮತ್ತೆ ಊದಿದೆ. ಹಸಿರು. ಮಿತಿಗಿಂತ ಎಷ್ಟೋ ಕೆಳಗೆ.

ನಾನು ಸೋಫಾದಲ್ಲಿ ಕೂತುಬಿಟ್ಟೆ. ನಂಬಿಕೆ ಎನ್ನುವುದು ಹೀಗೆ ಬರಬೇಕಾಯಿತಲ್ಲ, ಮನುಷ್ಯನ ಮಾತಿನಿಂದಲ್ಲ, ಮೀನಿನ ಮಸಾಲೆಯ ನಡುವೆ ಎರಡು ದೀಪಗಳಿಂದ.

ಎಡ್ವಿನ್ ಆಗಷ್ಟೇ ಕ್ಲಬ್ಬಿನಿಂದ ಬಂದು ಕಾರಿನ ಕೀಲಿ ಮೇಜಿನ ಮೇಲಿಟ್ಟರು. ನೀವೂ ಊದಿ ಎಂದೆ. "ನನಗೆ ಯಾಕೆ?" ಎಂದು ನಕ್ಕರು. ಊದಲಿಲ್ಲ.

ಆಗಸ್ಟ್ 3, ಭಾನುವಾರ

ಕಾಪುವಿಗೆ ಹೋಗಿದ್ದೆ. ಫಯಾಝ್ ಅರಿಷ್ಟ ಕುಡಿದದ್ದು ಎಷ್ಟು ಹೊತ್ತಿಗೆ, ಎಷ್ಟು, ಎಲ್ಲಿ ಎಂದು ಕಣ್ಣಾರೆ ಕಂಡವರು ಅವನ ತಾಯಿ ಐಸಮ್ಮ ಮಾತ್ರ. ಅವರು ಸಾಕ್ಷಿ ಹೇಳದಿದ್ದರೆ ನಮ್ಮ ವಾದ ನಿಲ್ಲುವುದಿಲ್ಲ.

ನನ್ನನ್ನು ಕಂಡು "ಬನ್ನಿ ಬಾಯಮ್ಮ" ಎಂದರು. ಕ್ರೈಸ್ತ ಹೆಂಗಸರನ್ನು ಹಾಗೆ ಕರೆಯುವವರು ಈಗ ಕಡಿಮೆ. ಕೋರಿರೊಟ್ಟಿ ತಿನ್ನದೆ ಮಾತಿಲ್ಲ ಎಂದರು. ಒಳಗಿನ ಕೋಣೆಯಲ್ಲಿ ಜುವೈರಿಯಾ ಮಗುವಿಗೆ ಹಾಲು ಕುಡಿಸುತ್ತಿದ್ದಳು. ಮಗ ಕುಡಿದು ಸಿಕ್ಕಿಬಿದ್ದ ಎಂದು ಊರು ಹೇಳಿದರೂ ಐಸಮ್ಮ ಒಂದು ದಿನವೂ ನಂಬಲಿಲ್ಲವಂತೆ. ಪೊಲೀಸರ ಮೆಷಿನ್ ಹಾಳಾಗಿದೆ ಎಂದೇ ಅವರ ವಾದ.

"ಮೆಷಿನ್ ಹಾಳಾಗಿಲ್ಲ ಐಸಮ್ಮ. ನೀವು ಕೊಟ್ಟ ಅರಿಷ್ಟದಲ್ಲೇ ಮದ್ಯದ ಅಂಶ ಉಂಟು. ಅದು ಬಾಯಲ್ಲಿದ್ದಾಗಲೇ ಊದಿಸಿದ್ದಾರೆ. ನೀವು ಬಂದು ಅಷ್ಟು ಹೇಳಿದರೆ ಸಾಕು."

ಇಷ್ಟು ಸಲೀಸಾಗಿ ಹೇಳಿದೆ. ವೈನಿಲ್ಲದೆ ಹಬ್ಬವಿಲ್ಲದ ಮನೆಯವಳು ನಾನು. ಅವರ ಮುಖ ನೋಡಿದ ಮೇಲಷ್ಟೇ ನಾನು ಏನು ಹೇಳಿದೆ ಎಂದು ತಿಳಿಯಿತು.

"ಅರಿಷ್ಟದಲ್ಲಿ?"

"ಹೌದು. ಯಾರೂ ಸುರಿಯುವುದಲ್ಲ. ಬೆಲ್ಲ, ಬೇರು ಎಲ್ಲ ಹುಳಿಯುವಾಗ ತಾನಾಗಿ ಆಗುತ್ತದೆ."

"ಹಾಗಾದರೆ ನಾನು ನನ್ನ ಮೂರು ಹೆಣ್ಣುಮಕ್ಕಳಿಗೆ, ಸೊಸೆಯಂದಿರಿಗೆ, ಎಲ್ಲ ಬಾಣಂತನದಲ್ಲಿ ಕುಡಿಸಿದ್ದು ಶರಾಬಾ? ನಾನು ಕುಡಿದದ್ದು?"

ಹಾಗಲ್ಲ, ಅದು ಔಷಧ ಎಂದೆ. ಕೇಳುವ ಸ್ಥಿತಿಯಲ್ಲಿ ಅವರಿರಲಿಲ್ಲ. ತಟ್ಟೆಗಳನ್ನು ತೆಗೆದುಕೊಂಡು ಒಳಗೆ ಹೋದರು. ಬಾಗಿಲ ಹಿಂದಿನಿಂದ ಧ್ವನಿ ಬಂತು: "ಅಷ್ಟು ಜನರ ಮುಂದೆ ನನ್ನ ಬಾಯಿಂದ ಅದು ಬರುವುದಿಲ್ಲ ಬಾಯಮ್ಮ. ಮಾವ ಹೇಳಿದ ಹಾಗೆ ದಂಡ ಕಟ್ಟಿಸಿ."

ಆಗಸ್ಟ್ 5, ಮಂಗಳವಾರ

ಫಯಾಝ್ ಫೋನ್ ಮಾಡಿದ್ದ. ಉಮ್ಮ ಅರಿಷ್ಟವನ್ನು ತೆಂಗಿನ ಬುಡಕ್ಕೆ ಸುರಿದಿದ್ದಾರಂತೆ.

"ಬಾಟಲಿ ಉಂಟಲ್ಲ?"

"ಒಡೆದು ಹಾಕಿದ್ದಾರೆ ಮೇಡಂ. ಲೋಟವನ್ನೂ ಎಸೆದರು. ಸ್ಟೀಲಿನದ್ದು, ಒಡೆಯಲಿಲ್ಲ."

ಪ್ರಯೋಗಾಲಯಕ್ಕೆ ಕಳಿಸಬೇಕೆಂದಿದ್ದ ಬಾಟಲಿ. ತಪ್ಪು ನನ್ನದೇ. ಮೊದಲು ಬಾಟಲಿ ತೆಗೆದಿಟ್ಟುಕೊಂಡು ಆಮೇಲೆ ಮಾತಾಡಬೇಕಿತ್ತು. ಇಲ್ಲ, ಅದೂ ಅಲ್ಲ. ಮೊದಲು ಅವರ ಜಾಗದಲ್ಲಿ ಕೂತು ಯೋಚಿಸಬೇಕಿತ್ತು.

ಆಗಸ್ಟ್ 28, ಗುರುವಾರ

ಕೇಸು ಮುಂದಕ್ಕೆ ಹೋಯಿತು. ಫಯಾಝನ ಲೈಸೆನ್ಸ್ ಅಮಾನತಾಗಿದೆ. ಪೊಲೀಸರು ಹಿಡಿದಿಟ್ಟಿದ್ದ ವ್ಯಾನ್ ಬಿಡಿಸಿಕೊಟ್ಟಿದ್ದೇನೆ, ರೋಹಿತನ ತಮ್ಮ ಓಡಿಸುತ್ತಿದ್ದಾನೆ. ಅರ್ಧ ಸೀಟು ಖಾಲಿಯಂತೆ.

ಸೆಪ್ಟೆಂಬರ್ 8, ಸೋಮವಾರ

ಮೊಂತಿ ಫೆಸ್ತ್, ಮರಿಯಮ್ಮನ ಜನ್ಮದಿನದ ತೆನೆ ಹಬ್ಬ. ಇಗರ್ಜಿಯಿಂದ ತೆನೆ ತಂದು, ಹೊಸ ಅಕ್ಕಿ ಹಾಲಿಗೆ ಹಾಕಿ, ಮ್ಯಾಥ್ಯೂ ಮನೆಯಲ್ಲಿ ಎಲ್ಲರೂ ಬಾಳೆಲೆಯ ಮೇಲೆ ಊಟ ಮಾಡಿದೆವು. ಊಟ ಸಸ್ಯಾಹಾರವಾದರೂ ಹಿಂದಿನ ಕೋಣೆಯಲ್ಲಿ ಗಂಡಸರಿಗೆ ಬೇರೆ ವ್ಯವಸ್ಥೆ ಇತ್ತು. ನಾದಿನಿ ಈ ಸಲವೂ ಹಾಗಲಕಾಯಿಗೆ ಬೆಲ್ಲ ಹೆಚ್ಚು ಹಾಕಿದ್ದಾಳೆ. ಹೊರಡುವಾಗ ಎಡ್ವಿನ್ ಕೀಲಿ ಹುಡುಕಿದರು. ನನ್ನ ಬ್ಯಾಗಿನಲ್ಲಿತ್ತು. ನಾನೇ ಓಡಿಸಿದೆ. ಉದ್ಯಾವರ ಸೇತುವೆಯ ಮೇಲೆ ಹಿಂದಿನ ಬಸ್ಸಿನವ ಹಾರ್ನ್ ಹೊಡೆದು ಹೊಡೆದು ಸುಸ್ತಾದ. ನಾನು ಗೇರು ಬದಲಿಸುವಾಗೆಲ್ಲ ಎಡ್ವಿನ್ ಉಸಿರು ಬಿಟ್ಟರು. ಹಾಗಲಕಾಯಿಯ ವಿಷಯ ನಾದಿನಿಗೆ ಹೇಳುವುದೋ ಬೇಡವೋ.

ಸೆಪ್ಟೆಂಬರ್ 20, ಶನಿವಾರ

ಕಾರ್ಕಳದಲ್ಲಿ ಆಯುರ್ವೇದ ವೈದ್ಯೆಯೊಬ್ಬರನ್ನು ನೋಡಿ ಬಂದೆ. ಕಾರಿನಲ್ಲಿ ಒಬ್ಬಳೇ. ಹಿರಿಯಡ್ಕದಲ್ಲಿ ನಿಲ್ಲಿಸಿ ಚಹಾ ಕುಡಿದೆ. ದಾರಿ ಇಷ್ಟು ಚಂದ ಎಂದು ಪಕ್ಕದ ಸೀಟಿನಲ್ಲಿ ಕೂತು ಗೊತ್ತಾಗಿರಲಿಲ್ಲ.

ವೈದ್ಯೆ ಸಾಕ್ಷಿಗೆ ಒಪ್ಪಿದರು. ಅರಿಷ್ಟದಲ್ಲಿ ಎಷ್ಟು ಮದ್ಯಾಂಶ ಇರುತ್ತದೆ, ಅರ್ಧ ಲೋಟದಿಂದ ದೊಡ್ಡ ಆಳಿಗೆ ಅಮಲು ಬರುವುದಿಲ್ಲ ಯಾಕೆ ಎಂದು ಹೇಳುತ್ತಾರಂತೆ. ಆದರೆ ಒಂದು ಮಾತು ಕೇಳಿದರು: "ಅವನು ಅಂದು ಅದನ್ನೇ ಕುಡಿದ ಅಂತ ನನಗೆ ಹೇಗೆ ಗೊತ್ತು? ಅದನ್ನು ಯಾರು ಹೇಳ್ತಾರೆ?"

ಯಾರೂ ಇಲ್ಲ. ಐಸಮ್ಮನಿಗೆ ಮತ್ತೆ ಫೋನ್ ಮಾಡಿಲ್ಲ. ಒತ್ತಾಯಿಸಿದರೆ ಬಂದಾರು. ಆದರೆ ಒಂದು ಮನೆಯ ಮರ್ಯಾದೆಯನ್ನು ತೆಗೆದು ಇನ್ನೊಂದು ಮರ್ಯಾದೆ ಉಳಿಸುವ ಅಧಿಕಾರ ನನಗೆ ಉಂಟೇ? ಸುಮ್ಮನಿರುವುದು ಸೂಕ್ಷ್ಮತೆಯೋ ಹೇಡಿತನವೋ, ನನ್ನ ವಿಷಯದಲ್ಲಿ ನನಗೇ ಯಾವಾಗಲೂ ಗೊತ್ತಾಗುವುದಿಲ್ಲ.

ಅಕ್ಟೋಬರ್ 16, ಗುರುವಾರ

ಅಂದು ತಪಾಸಣೆ ಮಾಡಿದ ಎಎಸ್‌ಐಯ ಪಾಟೀಸವಾಲು. ಅಂದರೆ ಪ್ರಶ್ನೆ ಕೇಳುವ ಸರದಿ ನನ್ನದು.

ನಿವೃತ್ತಿಗೆ ಹತ್ತಿರವಿರುವ ಮನುಷ್ಯ, ಮೀಸೆ ಬಿಳಿ. ಒರಟಾಗಿ ಇದ್ದಿದ್ದರೆ ಸುಲಭವಾಗುತ್ತಿತ್ತು.

"ಊದಿಸುವ ಮೊದಲು ಏನಾದರೂ ತಿಂದೆಯಾ, ಕುಡಿದೆಯಾ ಎಂದು ಕೇಳಿದಿರಾ?"

"ಇಲ್ಲ."

"ಎಷ್ಟು ಸಲ ಊದಿಸಿದಿರಿ?"

"ಒಂದೇ ಸಲ. ಮಕ್ಕಳಿದ್ದರು, ಮಳೆ ಇತ್ತು, ಹಿಂದೆ ವ್ಯಾನುಗಳ ಸಾಲು."

"ರಕ್ತ ಪರೀಕ್ಷೆಗೆ ಕರೆದುಕೊಂಡು ಹೋದಿರಾ?"

"ಇಲ್ಲ. ಅವನು ಸಹಿ ಹಾಕಿದನಲ್ಲ. ಬೇಕು ಅಂತ ಅವನೂ ಕೇಳಲಿಲ್ಲ."

"ಕೇಳಬಹುದು ಎಂದು ಅವನಿಗೆ ಹೇಳಿದಿರಾ?"

ಅವರು ಫಯಾಝನನ್ನು ನೋಡಿದರು. "ಇಲ್ಲ" ಎಂದರು.

"ಅವನ ನಡಿಗೆ, ಮಾತು ತಪ್ಪಿತ್ತಾ?"

"ಇಲ್ಲ. ಮಕ್ಕಳನ್ನು ಒಬ್ಬೊಬ್ಬರನ್ನೇ ಕೈ ಹಿಡಿದು ಇನ್ನೊಂದು ವ್ಯಾನಿಗೆ ಹತ್ತಿಸಿದ."

ಇಷ್ಟು ಪ್ರಾಮಾಣಿಕ ಉತ್ತರ ನಾನು ನಿರೀಕ್ಷಿಸಿರಲಿಲ್ಲ. ಹೊರಗೆ ಬಂದಾಗ ಎದುರಾದರು. "ಮೇಡಂ, ನನ್ನ ಮೊಮ್ಮಗಳೂ ಶಾಲಾ ವ್ಯಾನಿನಲ್ಲೇ ಹೋಗುವುದು" ಎಂದರು. ಬೇಸರದಿಂದಲ್ಲ, ಸುಮ್ಮನೆ.

ಮಕ್ಕಳ ವ್ಯಾನ್ ನಿಲ್ಲಿಸಿ ಊದಿಸುವ ಪೊಲೀಸರು ನನಗೆ ಬೇಡವೇ? ಬೇಕು. ರೋಶನ್ ಸಣ್ಣವನಿದ್ದಾಗ ಇದ್ದಿದ್ದರೆ ಇನ್ನೂ ಚೆನ್ನಾಗಿತ್ತು. ಎರಡನೇ ಸಲವೂ ಊದಿಸುವವರು ಬೇಕು, ಅಷ್ಟೇ. ಇಷ್ಟನ್ನು ಹೇಳಲು ಇಷ್ಟು ತಿಂಗಳು.

ಮುಂದಿನ ವಾಯಿದೆಯೊಳಗೆ ನಮ್ಮ ಸಾಕ್ಷಿಗಳ ಹೆಸರು ಕೊಡಬೇಕು. ವೈದ್ಯೆಯ ಹೆಸರು ಬರೆದೆ. ಕೆಳಗಿನ ಸಾಲು ಖಾಲಿ ಬಿಟ್ಟಿದ್ದೇನೆ.

ಅಕ್ಟೋಬರ್ 29, ಬುಧವಾರ

ಐಸಮ್ಮ ತಾವಾಗಿ ಆಫೀಸಿಗೆ ಬಂದರು! ಕಾಪುವಿನಿಂದ ಬಸ್ಸಿನಲ್ಲಿ, ಒಬ್ಬರೇ. ಫಯಾಝನಿಗೆ ಗೊತ್ತಿಲ್ಲ. ಬೇಬಿಯಕ್ಕ ನೀರು ಕೊಟ್ಟರು. ಕುಡಿಯುವ ಮೊದಲು ಲೋಟವನ್ನು ಮೂಸಿ ನೋಡಿದರು.

"ನೀರೇ ಐಸಮ್ಮ" ಎಂದರು ಬೇಬಿಯಕ್ಕ. "ಇದು ವಕೀಲರ ಆಫೀಸು, ವೈನ್ ಶಾಪಲ್ಲ."

"ಯಾರನ್ನು ನಂಬುವುದು ಮಾರಾಯ್ತಿ, ನಲವತ್ತು ವರ್ಷ ವೈದ್ಯರ ಅಂಗಡಿಯನ್ನು ನಂಬಿದ್ದೆ."

ಕೂತರು. ಹಾಜಬ್ಬ ಮಾವ ಬೈದಿದ್ದಾರಂತೆ, ಮನೆಯ ಹೆಂಗಸರು ಮದ್ಯ ಕುಡಿದರೆಂದು ಕೋರ್ಟಿನಲ್ಲಿ ಬರೆಸುವುದಾ ಎಂದು. ಅಣ್ಣನ ಮಾತಿಗೆ ಎಂದೂ ಎದುರು ಹೇಳಿದವರಲ್ಲ ಇವರು.

"ಮೊನ್ನೆ ಶಾಲೆಯಿಂದ ಬಂದ ದೊಡ್ಡ ಮೊಮ್ಮಗಳು ಕೇಳಿದಳು ಬಾಯಮ್ಮ. 'ನನ್ನ ಬಾಪ ಕುಡುಕನಾ?' ಅಂತ. ಕ್ಲಾಸಿನಲ್ಲಿ ಯಾರೋ ಹೇಳಿದ್ದಂತೆ. ಫಯಾಝ್ ಅಲ್ಲೇ ಕೂತಿದ್ದ. ಕುಡಿದದ್ದು ಉಮ್ಮ ಕೊಟ್ಟ ಮದ್ದು ಅಂತ ಒಂದು ಮಾತು ಹೇಳಬಹುದಿತ್ತು. ಹೇಳಲಿಲ್ಲ. ನನ್ನನ್ನು ನೋಡಿದ, ಸುಮ್ಮನಾದ."

ಸೆರಗು ಸರಿ ಮಾಡಿಕೊಂಡರು.

"ಗೊತ್ತಿಲ್ಲದೆ ಕೊಟ್ಟದ್ದಕ್ಕೆ ದೇವರು ನನ್ನನ್ನು ಕೇಳಲಿಕ್ಕಿಲ್ಲ. ಗೊತ್ತಿದ್ದೂ ಬಾಯಿ ಮುಚ್ಚಿ ಕೂತರೆ ಕೇಳುತ್ತಾನೆ. ಎಲ್ಲಿ ನಿಲ್ಲಬೇಕು, ಎಂತ ಹೇಳಬೇಕು, ಹೇಳಿ."

"ಎಂತ ಹೇಳಬೇಕೆಂದು ನಾನು ಹೇಳುವುದಿಲ್ಲ" ಎಂದೆ. "ಆದದ್ದನ್ನು ಹೇಳಿ."

"ಅಷ್ಟಕ್ಕೆ ವಕೀಲರು ಯಾಕೆ?" ಎಂದರು. ಬೇಬಿಯಕ್ಕ ಟೈಪಿಂಗ್ ನಿಲ್ಲಿಸಿ ನಕ್ಕರು.

ನವೆಂಬರ್ 13, ಗುರುವಾರ

ಐಸಮ್ಮ ಸಾಕ್ಷಿಕಟ್ಟೆ ಹತ್ತಿದರು. ವೈದ್ಯೆಯದು ಬೆಳಿಗ್ಗೆಯೇ ಮುಗಿದಿತ್ತು. ಕನ್ನಡದಲ್ಲಿ ಹೇಳುತ್ತೀರಾ ಎಂದು ನ್ಯಾಯಾಧೀಶರು ಕೇಳಿದರು. "ಹೇಳ್ತೇನೆ. ತಪ್ಪಾದರೆ ಸರಿ ಮಾಡಿಕೊಳ್ಳಿ" ಎಂದರು.

ನಾನು ಕೇಳಿದ್ದು ಸ್ವಲ್ಪ. ಗೇಟು, ತಿಂಡಿ, ಲೋಟ, ಹೈವೇ. ಆಮೇಲೆ ಸರಕಾರಿ ವಕೀಲರು ಎದ್ದರು.

"ಅರಿಷ್ಟವನ್ನು ಎಷ್ಟು ಕೊಡಬೇಕೆಂದು ಬಾಟಲಿಯ ಮೇಲೆ ಬರೆದಿರುತ್ತದಲ್ಲ?"

"ಬಾಣಂತಿಗೆ ಎರಡು ಮುಚ್ಚಳ."

"ಮಗನಿಗೆ ಅರ್ಧ ಲೋಟ ಯಾಕೆ ಕೊಟ್ಟಿರಿ?"

"ನೀವೇ ನೋಡಿ ಸ್ವಾಮಿ, ಎಷ್ಟು ಎತ್ತರ ಇದ್ದಾನೆ. ಎರಡು ಮುಚ್ಚಳ ಅವನ ಎಲ್ಲಿಗೆ ಮುಟ್ಟುತ್ತದೆ?"

ಕೋರ್ಟು ನಕ್ಕಿತು. ನ್ಯಾಯಾಧೀಶರು ಫೈಲಿನೊಳಗೆ ಮುಖ ಮಾಡಿದರು. ಹೊಸ ಬಾಟಲಿಗಳು ನೀರಾಗಿವೆ, ಮೊದಲಿನ ಹಾಗಿಲ್ಲ ಎಂದೂ ಐಸಮ್ಮ ಸೇರಿಸಿದರು. ಟೈಪಿಸ್ಟ್ ಅದನ್ನು ಬರೆಯುವುದೋ ಬೇಡವೋ ಎಂದು ನೋಡಿದ. ಫಯಾಝ್ ತಲೆ ತಗ್ಗಿಸಿ ನಿಂತಿದ್ದ. ಬಾಣಂತಿ ಮದ್ದಿನ ವಿಷಯ ಈಗ ಇಡೀ ಉಡುಪಿಗೆ ಗೊತ್ತು.

"ಅದರಲ್ಲಿ ಮದ್ಯಾಂಶ ಉಂಟೆಂದು ನಿಮಗೆ ಗೊತ್ತಿತ್ತಾ?"

"ಗೊತ್ತಿದ್ದರೆ ಮನೆಯೊಳಗೆ ಬರಲಿಕ್ಕೆ ಬಿಡ್ತಿದ್ದೆನಾ? ಗೊತ್ತಾದ ದಿನವೇ ಚೆಲ್ಲಿದೆ."

"ಹಾಗಾದರೆ ತೋರಿಸಲು ಬಾಟಲಿಯೂ ಇಲ್ಲ." ಸರಕಾರಿ ವಕೀಲರು ನಿಧಾನವಾಗಿ ಕನ್ನಡಕ ತೆಗೆದರು. "ಐಸಮ್ಮ, ಮಗನನ್ನು ಉಳಿಸಲು ನೀವು ಇದನ್ನೆಲ್ಲ ಕಟ್ಟಿ ಹೇಳುತ್ತಿದ್ದೀರಿ ಎಂದರೆ?"

ಇದಕ್ಕೆ ನಾನು ಅವರನ್ನು ತಯಾರು ಮಾಡಿರಲಿಲ್ಲ.

ಐಸಮ್ಮ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಸ್ವಾಮಿ, ನಾನು ಐದು ಹೊತ್ತು ನಮಾಜು ಮಾಡುವವಳು. ನನ್ನ ಮನೆಯಲ್ಲಿ, ನನ್ನ ಕೈಯಲ್ಲಿ, ಎಲ್ಲರಿಗೂ ಅದನ್ನು ಕುಡಿಸಿದೆ ಅಂತ ಇಷ್ಟು ಜನರ ಎದುರು ಹೇಳ್ತಿದ್ದೇನೆ. ನನ್ನ ಅಣ್ಣ ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ಮಗನಿಗಾಗಿ ಸುಳ್ಳು ಹೇಳುವುದಾಗಿದ್ದರೆ ಇದಕ್ಕಿಂತ ಮರ್ಯಾದೆಯ ಸುಳ್ಳು ಹೇಳ್ತಿರಲಿಲ್ಲವಾ?"

ಯಾರೂ ನಗಲಿಲ್ಲ. ಸರಕಾರಿ ವಕೀಲರು ಕನ್ನಡಕ ಹಾಕಿಕೊಂಡು, "ಬೇರೆ ಪ್ರಶ್ನೆ ಇಲ್ಲ" ಎಂದು ಕೂತರು.

ಇಳಿಯುವಾಗ ಫಯಾಝ್ ತಾಯಿಯ ಕೈ ಹಿಡಿದ. "ಬಿಡು, ನಾನೇನು ಬಾಣಂತಿಯಾ?" ಎಂದರು ಅವರು.

ಡಿಸೆಂಬರ್ 11, ಗುರುವಾರ

ಖುಲಾಸೆ.

ಒಂದೇ ಸಲದ ಪರೀಕ್ಷೆ, ರಕ್ತದ ಮಾದರಿ ಇಲ್ಲ, ತಾಯಿಯ ಸಾಕ್ಷ್ಯವನ್ನು ತಳ್ಳಿಹಾಕಲು ಕಾರಣವಿಲ್ಲ, ಆದ್ದರಿಂದ ಸಂಶಯದ ಲಾಭ ಆರೋಪಿಗೆ. ಫಯಾಝನಿಗೆ ಓದಿ ಹೇಳಿದೆ. "ಸಂಶಯ ಅಂತ ಯಾಕೆ ಉಂಟು ಮೇಡಂ?" ಎಂದ. ಅದು ಕಾನೂನಿನ ಭಾಷೆ, ನೀನು ಗೆದ್ದಿದ್ದೀ ಎಂದೆ. ಅವನು ಸರಿ ಎಂದ, ಆದರೆ ಮುಖ ಪೂರ್ತಿ ಅರಳಲಿಲ್ಲ. ತಾಯಂದಿರ ಗುಂಪಿಗೆ ತೀರ್ಪು ಕಳಿಸಿದ್ದಾನಂತೆ. ಇಬ್ಬರು ಹೆಬ್ಬೆರಳು ತೋರಿಸಿದ್ದಾರೆ. ಉಳಿದವರು ನೋಡಿ ಸುಮ್ಮನಿದ್ದಾರೆ. ಕೋರ್ಟು ಬಿಡಬಹುದು, ಮಗುವನ್ನು ಹತ್ತಿಸುವ ತಾಯಿ ಅಷ್ಟು ಬೇಗ ಬಿಡುವುದಿಲ್ಲ. ನಾನೂ ಬಿಡುತ್ತಿರಲಿಲ್ಲವೇನೋ.

ಆಫೀಸಿಗೆ ಬಂದರೆ ಬೇಬಿಯಕ್ಕ: "ಒಬ್ಬರು ಕೂತಿದ್ದಾರೆ ಮೇಡಂ. ಮಗನದ್ದು ಮಣಿಪಾಲದ ಗಾಂಜಾ ಕೇಸು. ನಾವು ಅದನ್ನೆಲ್ಲ ಮಾಡುವುದಿಲ್ಲ ಅಂತ ಹೇಳಿ ಕಳಿಸುವುದಾ?"

ಒಳಗೆ ಕರೆದೆ. ಬಂದವರ ಜೊತೆ ಹುಡುಗನೂ ಇದ್ದ. ಕಾಗದ ಬಿಡಿಸುವ ಮೊದಲು ಅವನನ್ನೇ ಕೇಳಿದೆ, ಸೇದಿದ್ದೀಯಾ ಎಂದು. ತಾಯಿಯನ್ನು ನೋಡಿ, ನನ್ನನ್ನು ನೋಡಿ, ಹೌದು, ಬಿಡಲಿಕ್ಕೆ ಆಗುತ್ತಿಲ್ಲ ಎಂದ. ತಾಯಿ ಅತ್ತರು. ತಾನಾಗಿ ಚಿಕಿತ್ಸೆಗೆ ಸೇರುವವರಿಗೆ ಕಾನೂನಿನಲ್ಲಿ ಒಂದು ದಾರಿ ಉಂಟು. ನಾಳೆ ಅದನ್ನು ಓದಬೇಕು.

ಜನವರಿ 20, ಮಂಗಳವಾರ

ಸಂಜೆ ಫಯಾಝ್ ಬಂದಿದ್ದ. ಈ ಸಲ ಕೂತ. ಐಸಮ್ಮ ಕಳಿಸಿದ ತುಪ್ಪದ ತಿಂಡಿ ಡಬ್ಬಿಯಲ್ಲಿತ್ತು. ಬೇಬಿಯಕ್ಕ ಮೂಸಿ ನೋಡಿ, "ಇದರಲ್ಲಿ ಎಂತದೂ ಇಲ್ಲ ಅಲ್ವಾ?" ಎಂದರು.

ಲೈಸೆನ್ಸ್ ವಾಪಸು ಸಿಕ್ಕಿ ಈಗ ಅವನೇ ವ್ಯಾನ್ ಓಡಿಸುತ್ತಾನೆ. ಕ್ರಿಸ್ಮಸ್ ರಜೆ ಮುಗಿದು ಶಾಲೆ ಶುರುವಾದ ದಿನದಿಂದ ಹೈವೇಯಲ್ಲಿ ಮತ್ತೆ ತಪಾಸಣೆ ಉಂಟಂತೆ. ಅದೇ ಜಾಗ, ಅದೇ ಬಿಳಿ ಮೀಸೆಯ ಎಎಸ್‌ಐ. ಮೊದಲ ದಿನ ವ್ಯಾನಿನಲ್ಲಿ ಇದ್ದದ್ದು ಐದೇ ಮಕ್ಕಳು. ಇವನನ್ನು ಕಂಡು ಅವರು ಮುಂದೆ ಹೋಗು ಎಂದು ಕೈ ಬೀಸಿದ್ದಾರೆ. ಇವನು ಹೋಗಲಿಲ್ಲ. ನಿಲ್ಲಿಸಿ ಇಳಿದು, "ಸರ್, ಊದಿಸಿ" ಎಂದನಂತೆ.

"ಬೇಡ ಮಾರಾಯ, ಹೋಗು" ಅಂದರಂತೆ ಅವರು.

"ಊದಿಸದೆ ಹೋಗುವುದಿಲ್ಲ ಸರ್. ಮಕ್ಕಳು ನೋಡಲಿ."

ಊದಿದ. ಸೊನ್ನೆ. ಮಕ್ಕಳು ಕಿಟಕಿಯಿಂದ ಚಪ್ಪಾಳೆ ತಟ್ಟಿದರು. ಮರುದಿನವೂ ನಿಲ್ಲಿಸಿದ. ಈಗ ದಿನಾ ನಿಲ್ಲಿಸುತ್ತಾನೆ. ಮಕ್ಕಳು ಮನೆಯಲ್ಲಿ ಹೇಳಿದ್ದಾರೆ, ತಾಯಂದಿರಲ್ಲಿ ಕೆಲವರು ಬಂದು ನೋಡಿಯೂ ಹೋಗಿದ್ದಾರೆ. ನಿನ್ನೆ ಹನ್ನೊಂದನೆಯ ಮಗು ಸೇರಿತು. ಹಾಜಬ್ಬ ಮಾವ ತಮ್ಮ ಮೊಮ್ಮಗನನ್ನೂ ಕಳಿಸಿದ್ದಾರೆ. ತಂಗಿಯ ಹತ್ತಿರ ಇನ್ನೂ ಮಾತಿಲ್ಲ, ಆದರೆ ಹುಡುಗನನ್ನು ಅವಳ ಗೇಟಿನಲ್ಲೇ ಬಿಟ್ಟು ಹೋಗುತ್ತಾರೆ.

"ಮತ್ತೆ ಮುಖ ಯಾಕೆ ಹೀಗೆ?" ಎಂದೆ.

"ಇವತ್ತು ಲೇಟಾಗಿ ಶಾಲೆಯಲ್ಲಿ ಬೈಗುಳ ತಿಂದೆ ಮೇಡಂ. ಆ ಎಎಸ್‌ಐ ಈಗ ಒಂದು ಸಲಕ್ಕೆ ಬಿಡುವುದಿಲ್ಲ. ಎಂತ ತಿಂದೆ, ಎಂತ ಕುಡಿದೆ ಅಂತ ಕೇಳಿ ಬರೀತಾರೆ. ಊದಿಸ್ತಾರೆ. ಬದಿಯಲ್ಲಿ ಕೂರಿಸಿ ಕಾಯಿಸ್ತಾರೆ. ಮತ್ತೆ ಊದಿಸ್ತಾರೆ. ನನಗೆ ಮಾತ್ರ ಅಲ್ಲ, ಎಲ್ಲ ವ್ಯಾನಿನವರಿಗೂ. ರೋಹಿತ್ ದಿನಾ ನನ್ನ ಜೀವ ತೆಗೀತಾನೆ, 'ನಿನ್ನ ಬಾಣಂತನದಿಂದ ನಮಗೆಲ್ಲ ಲೇಟು' ಅಂತ. ನೀವೊಮ್ಮೆ ಅವರಿಗೆ ಹೇಳಿ ಮೇಡಂ, ನನಗೆ ಒಂದು ಸಲ ಸಾಕು ಅಂತ."

"ಹೇಳುವುದಿಲ್ಲ" ಎಂದೆ. "ಹತ್ತು ನಿಮಿಷ ಬೇಗ ಹೊರಡು."